ಅವ್ವನ ಭಿಶಿ, ನನ್ನ ಪ್ರೋಗ್ರಾಮು

ಮೊನ್ನೆ ಟ್ರಂಕ್ ಸ್ವಚ್ಛ ಮಾಡ್ಲಿಕ್ಕೆ ಕೂತಾಗ ಅಡೀಗೆ ಒಂದು ಫ್ಲಾಪಿ, ಅದರ ಜೋಡಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಉದ್ದನ ಹಾಳಿ ಸಿಕ್ತು. 1997ರಾಗ ಕಂಪ್ಯೂಟರ್ ಕ್ಲಾಸಿಗೆ ಹೋಗ್ತಿದ್ದಾಗ ಅವ್ವನ ಭಿಶಿಗೆ ಅಂತ ನಾನೇ ಕ್ಯೂಬೇಸಿಕ್‌ನಾಗ ಬರದ ಪ್ರೋಗ್ರಾಮು!

ಹನ್ನೆರಡು ಮಂದಿ, ತಿಂಗಳಿಗೆ ಇನ್ನೂರು ರೂಪಾಯಿ. ಲೋಟದಾಗ ಚೀಟಿ ಹಾಕೂದು ಬಿಟ್ಟು ಅಣ್ಣನ ಕಂಪ್ಯೂಟರ್ ಮುಂದ ಎಲ್ಲಾರೂ ಕೂಡ್ತಿದ್ರು. ನಾನು ಬಟನ್ ಒತ್ತಿದ್ರ ನಂಬರ್ ಬರ್ತಿತ್ತು. ಮೊದಲ್ನೇ ವರ್ಷ ಮೊದಲ ಬಂದದ್ದು ಒಂಬತ್ತು, ಅಂದ್ರ ನಮ್ಮವ್ವ. ಆಮ್ಯಾಲೆ ಏಳು, ನಾಕು. ಎರಡನೇ ವರ್ಷನೂ ಒಂಬತ್ತು, ಏಳು ಬಂದ್ವು. ಮೂರನೇ ತಿಂಗಳು ನಾನು ಬಟನ್ ಒತ್ತೂಕಿಂತ ಮೊದಲೇ ಯಾರೋ 'ಈಗ ನಾಕು ಬರ್ತದ ನೋಡ್ರಿ' ಅಂದ್ರು. ನಾಕೇ ಬಂತು. ಒಬ್ರೂ ಮಾತಾಡ್ಲಿಲ್ಲ.

ಅವ್ವ ಎದ್ದು ಹೋಗಿ, ತಾನು ತಗೊಂಡಿದ್ದ 2,400 ರೂಪಾಯಿ ತಂದು ನಡುವ ಇಟ್ಲು. 'ಇದಕ್ಕೂ ಚೀಟಿ ಎತ್ರಿ, ನಂದು ಕಡೀಕಿರ್ಲಿ' ಅಂದ್ಲು. ಲೋಟ ವಾಪಸ್ ಬಂತು. ನನ್ನ ಒಂದು ಮಾತೂ ಕೇಳ್ಲಿಲ್ಲ. ಅಕಿ ಹೋಗೂತನಕಾ ಆ ಸಿಟ್ಟು ನನ್ನ ಒಳಗ ಇತ್ತು.

ಫ್ಲಾಪಿ ಕೆಟ್ಟಿತ್ತು. ಈಗಿನ ಕಂಪ್ಯೂಟರಿನಾಗ ಆ ಕಾಲದ ಪ್ರೋಗ್ರಾಮು ಸೀದಾ ನಡಿಯೂದಿಲ್ಲಂತ ಮಗಳು ಡಾಸ್‌ಬಾಕ್ಸ್ ಹಾಕಿಕೊಟ್ಲು. ಚಾಳೀಸು ಏರಿಸಿಕೊಂಡು ಮಾಸಿದ ಅಕ್ಷರ ನೋಡಿ ನೋಡಿ ಎಲ್ಲಾ ಟೈಪ್ ಮಾಡಿದೆ. ಓಡಿಸಿದೆ: ಒಂಬತ್ತು. ಮುಚ್ಚಿ ಮತ್ತ ತಗದೆ: ಒಂಬತ್ತು. ಹತ್ತು ಸಲನೂ ಅದೇ!

'ರ‍್ಯಾಂಡಮೈಜ್ ಟೈಮರ್' ಅನ್ನೂ ಒಂದು ಸಾಲು ನಾ ಬರದೇ ಇರ್ಲಿಲ್ಲ. ಅದಿಲ್ಲದಿದ್ರ ಪ್ರೋಗ್ರಾಮು ಪ್ರತಿ ಸಲ ಚಾಲೂ ಆದಾಗ ನಂಬರ್‌ಗಳು ಅದೇ ಸರತಿಯೊಳಗ ಬರ್ತಾವ. ಆ ಸಾಲು ಸೇರಿಸಿದ ಮ್ಯಾಲೆ ಸಲಕ್ಕೊಂದು ನಂಬರ್ ಬರ್ಲಿಕ್ಕೆ ಹತ್ತಿತು.

ಏಳನೇ ನಂಬರಿನ ಕಾಕೂಗ ಫೋನ್ ಹಚ್ಚಿ ಎಲ್ಲಾ ಹೇಳಿದೆ. ಕಾಕು ನಕ್ಕು, 'ನಿಮ್ಮವ್ವ ಅವತ್ತೇ ಹೇಳಿದ್ಲವಾ. ನನ್ನ ಮಗಳು ಮೋಸ ಮಾಡಾಕಿ ಅಲ್ಲ, ಎಲ್ಲೋ ತಪ್ಪು ಬರದಾಳ, ಕೇಳಿದ್ರ ಅಳ್ತಾಳ, ಬಿಡ್ರಿ ಅಂದಿದ್ಲು' ಅಂದ್ರು.

ಫೋನ್ ಇಟ್ಟು ಭಾಳ ಹೊತ್ತು ಅತ್ತೆ.

ಆ ಭಿಶಿಯೊಳಗಿದ್ದವ್ರು ಇದನ್ನ ಓದ್ತಿದ್ರ, ತಪ್ಪು ನಂದ್ರೀ. ಅವ್ವಂದಲ್ಲ.