ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಕ್ಕಳು ತೀರ ಚಿಕ್ಕವರನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುವುದುಂಟು. ಕೂಸು ಓಡುತ್ತದೆ, ಕೂಗುತ್ತದೆ, ಔಟಾದರೂ ಕೇಳುವವರಿಲ್ಲ. ಸಭೆಗಳಲ್ಲಿ ಪರದೆಯ ಮೇಲೆ ಮೂಡುವ ಸ್ಲೈಡುಗಳ ಅಂಕಿಗಳನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಬಣ್ಣ ಬಳಿದುಕೊಂಡು ಠೀವಿಯಿಂದ ನಿಂತಿರುತ್ತವೆ. ‘ಹೀಗಲ್ಲದೆ ಹಾಗಾದರೆ?’ ಎಂದು ಕೇಳಿದರೆ ಮಾತ್ರ ಬಾಯಿ ಬಿಡುವುದಿಲ್ಲ. ‘ಆಮೇಲೆ ಲೆಕ್ಕ ಮಾಡಿ ತಿಳಿಸುತ್ತೇವೆ’ ಎಂಬ ಉತ್ತರ ಬರುತ್ತದೆ. ಆ ‘ಆಮೇಲೆ’ ಬರುವ ಹೊತ್ತಿಗೆ ನಿರ್ಣಯವೂ ಆಗಿ, ಕಾಫಿಯೂ ಆಗಿರುತ್ತದೆ.

ಲೆಕ್ಕದ ಹಾಳೆ ಹುಟ್ಟಿದ್ದು ಇಂಥ ಮೌನಕ್ಕಾಗಿ ಅಲ್ಲ. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕರಿಹಲಗೆಯ ಮೇಲೆ ಒಂದು ಅಂಕಿ ಬದಲಾದರೆ ಅಧ್ಯಾಪಕರು ಮುಂದಿನ ಅಂಕಿಗಳನ್ನೆಲ್ಲ ಒರಸಿ ಬರೆಯಬೇಕಾದ ಪಾಡನ್ನು ಕಂಡು, ತನ್ನನ್ನು ತಾನೇ ತಿದ್ದಿಕೊಳ್ಳುವ ಹಲಗೆಯ ಕನಸು ಕಂಡರು. ಬಾಬ್ ಫ್ರಾಂಕ್‌ಸ್ಟನ್ನರೊಡನೆ ಅವರು ರೂಪಿಸಿ, 1979ರಲ್ಲಿ ಮಾರುಕಟ್ಟೆಗೆ ಬಂದ ವಿಸಿಕ್ಯಾಲ್ ಆ ಕನಸಿನ ಫಲ. ಎಂದರೆ, ಸ್ಪ್ರೆಡ್‌ಶೀಟಿನ ತವರುಮನೆ ಹತ್ತು ಜನರೆದುರಿನ ಕರಿಹಲಗೆಯೇ. 1987ರಲ್ಲಿ ಪವರ್‌ಪಾಯಿಂಟ್ ಬಂದಿತು; ಸ್ಲೈಡು ಕ್ರಮೇಣ ಹಲಗೆಯ ಜಾಗ ಹಿಡಿಯಿತು. ಲೆಕ್ಕ ಮೇಜಿನ ಬಳಿಯೇ ಉಳಿದು, ಅದರ ಭಾವಚಿತ್ರ ಮಾತ್ರ ಸಭೆಗೆ ಬರತೊಡಗಿತು.

ತವರಿಗೆ ಮರಳಿದ ಲೆಕ್ಕವನ್ನು ನಾನು ಕಂಡದ್ದು ನಮ್ಮ ವಸತಿ ಸಮುಚ್ಚಯದ ಸಭೆಯೊಂದರಲ್ಲಿ. ಹೊಸ ಲಿಫ್ಟಿಗೆ 14,40,000 ರೂಪಾಯಿ, ಮನೆಗಳು 48, ಮನೆಗೆ 30,000. ಸ್ಲೈಡು ಸ್ಪಷ್ಟವಾಗಿತ್ತು. ನೆಲಮಹಡಿಯ ವೃದ್ಧೆಯೊಬ್ಬರು ಎದ್ದು, “ನಾನು ಲಿಫ್ಟು ಹತ್ತೋದೇ ಇಲ್ಲವಲ್ಲಪ್ಪ, ನನಗೂ ಅಷ್ಟೇನಾ?” ಎಂದರು. ಕೆಲವರು ನಕ್ಕರು. ಕಾರ್ಯದರ್ಶಿಯಾದ ಹುಡುಗ ನಗಲಿಲ್ಲ. ಅವನು ಸ್ಲೈಡಿನೊಳಗೆ ಎಕ್ಸೆಲ್ ಹಾಳೆಯನ್ನೇ ಕೂರಿಸಿದ್ದ. ಪ್ರದರ್ಶನ ನಡೆಯುವಾಗ ಅದೂ ಚಿತ್ರದಂತೆ ಸುಮ್ಮನಿರುತ್ತದೆ. ಅವನು ಪ್ರದರ್ಶನ ನಿಲ್ಲಿಸಿ, ಹಾಳೆಯ ಮೇಲೆ ಎರಡು ಬಾರಿ ಕ್ಲಿಕ್ಕಿಸಿದ, ಸೂತ್ರಗಳು ಎಚ್ಚೆತ್ತವು. ನೆಲಮಹಡಿಯ 12 ಮನೆಗಳಿಗೆ ಅರ್ಧ ಪಾಲು ಎಂದು ತುಂಬಿದ. ಅವರಿಗೆ 17,143, ಮೇಲಿನವರಿಗೆ 34,286 ಎಂದು ಮೂಡಿತು. ಸಭೆ ಒಂದು ಕ್ಷಣ ಸ್ತಬ್ಧವಾಯಿತು. ನ್ಯಾಯದ ಬೆಲೆ ಮೇಲಿನ ಮನೆಯೊಂದಕ್ಕೆ 4,286 ರೂಪಾಯಿ! ಅಲ್ಲಿಯವರೆಗೆ ಅದು ಹಟದ ಮಾತಾಗಿತ್ತು. ಈಗ ಯೋಚಿಸಬಹುದಾದ ಮಾತಾಯಿತು. ಅರ್ಧ ಪಾಲಿಗೆ ಹೆಚ್ಚಿನವರು ಕೈ ಎತ್ತಿದರು.

ಈ ಅನುಕೂಲಕ್ಕೊಂದು ಅಪಾಯವೂ ಅಂಟಿಕೊಂಡಿದೆ. ಹೀಗೆ ಕೂರಿಸಿದ ಹಾಳೆ ಒಂಟಿಯಾಗಿ ಬರುವುದಿಲ್ಲ. ಇಡೀ ಕಡತವನ್ನೇ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಸ್ಲೈಡುಗಳನ್ನು ಮನೆಮನೆಗೆ ಕಳಿಸಿದರೆ, ಪಕ್ಕದ ಹಾಳೆಯಲ್ಲಿರುವ ಬಾಕಿದಾರರ ಪಟ್ಟಿಯೂ ಊರ ಪಾಲಾದೀತು. ಆದ್ದರಿಂದ ಸಭೆಗೆ ಬೇಕಾದಷ್ಟನ್ನೇ ಬೇರೆ ಕಡತದಲ್ಲಿ ಬರೆದು ಕೂರಿಸುವುದು ವಿವೇಕ.

ಯಾವುದು ನ್ಯಾಯವೆಂದು ಹೇಳುವ ಸೂತ್ರ ಯಾವ ಹಾಳೆಯಲ್ಲಿಯೂ ಇಲ್ಲ, ನಿಜ. ಆದರೆ ಕೊನೆಯ ಸಾಲಿನಲ್ಲಿ ಕುಳಿತವರ ಅನುಮಾನಕ್ಕೂ ಅಲ್ಲಿಯೇ, ಎಲ್ಲರೆದುರಿಗೇ, ಒಂದು ಉತ್ತರ ದೊರೆಯುವುದಾದರೆ ಅವರು ಮುಂದಿನ ಸಭೆಗೂ ಬಂದಾರು.