ಹೊನ್ನಮೀನಿನ ತೊರೆ

ಮೀನು ಹಿಡಿಯುವುದನ್ನು ಕಾಲಹರಣವೆಂದು ಹಳಿಯುವವರೊಡನೆ ನಾನು ವಾದಕ್ಕಿಳಿಯುವವನಲ್ಲ. ಆದರೆ ಗಾಳದ ಕೋಲನ್ನು ಹೆಗಲಿಗೇರಿಸಿ, ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಶ್ರೇಣಿಯ ದಕ್ಷಿಣ ಭಾಗದಲ್ಲಿ, 11,000 ಅಡಿಗಳನ್ನು ಮೀರಿದ ಕಾಟನ್‌ವುಡ್ ಕಣಿವೆದಾರಿಯನ್ನು ಏದುಸಿರು ಬಿಡುತ್ತ ದಾಟಿ, ಆಚೆಯ ಹುಲ್ಲುಗಾವಲಿನ ತೊರೆಯ ದಂಡೆಯಲ್ಲಿ ಬೋರಲಾಗಿ ಮಲಗಿ ನೀರನ್ನು ದಿಟ್ಟಿಸಿದವನಿಗೆ, ಹಿಡಿಯುವುದಕ್ಕಿಂತ ನೋಡುವುದೇ ಈ ವಿನೋದದ ಮುಕ್ಕಾಲು ಪಾಲೆಂಬುದು ತಾನಾಗಿಯೇ ವಿದಿತವಾಗುತ್ತದೆ.

ಅಲ್ಲಿಯ ಮೀನು ಗೋಲ್ಡನ್ ಟ್ರೌಟ್. ಕರ್ನ್ ನದಿಯ ದಕ್ಷಿಣ ಕವಲು, ಅದರ ನೆರೆಯ ಗೋಲ್ಡನ್ ಟ್ರೌಟ್ ತೊರೆ, ಇವೇ ಅದರ ತವರು. ಉಳಿದೆಡೆಗಳಲ್ಲಿರುವುದೆಲ್ಲ ಮನುಷ್ಯನು ಹೊತ್ತೊಯ್ದು ಬಿಟ್ಟ ಸಂತಾನ. ತವರಿನ ಕಿರುದೊರೆಗಳಲ್ಲಿ ಗೇಣುದ್ದ ಬೆಳೆದರೆ ಅದೇ ದೊಡ್ಡದು. ಬೆನ್ನು ಹಿತ್ತಾಳೆಯ ಛಾಯೆ ಬೆರೆತ ಹಸಿರು, ಪಕ್ಕೆ ಅಪ್ಪಟ ಹೊನ್ನು, ಅದರ ನಡುವೆ ಉದ್ದಕ್ಕೂ ಎಳೆದ ಕೆಂಪು ಪಟ್ಟೆ, ಉದರವೋ ಕುಂಕುಮವರ್ಣ, ಬಾಲದತ್ತ ದಟ್ಟೈಸುವ ಕಪ್ಪು ಚುಕ್ಕೆಗಳು, ಬೆನ್ನಿನ ಈಜುರೆಕ್ಕೆಯ ತುದಿಗೆ ಬಿಳಿಯ ಅಂಚು. ಚಿತ್ರಕಾರನೊಬ್ಬನು ಇಷ್ಟು ಬಣ್ಣ ಬಳಿದಿದ್ದರೆ ಅತಿಯಾಯಿತೆನ್ನುತ್ತಿದ್ದೆವು. ನನ್ನ ಕಣ್ಣು ನೆಡುವುದಾದರೋ ಪಕ್ಕೆಯ ಮೇಲಿನ ಸುಮಾರು 10 ಅಂಡಾಕಾರದ ಮಚ್ಚೆಗಳ ಮೇಲೆ: ಇತರ ಟ್ರೌಟುಗಳಲ್ಲಿ ಸಾಮಾನ್ಯವಾಗಿ ಬಾಲ್ಯದೊಡನೆ ಮಾಸಿಹೋಗುವ ಈ ಲಾಂಛನವು ಇದಕ್ಕೆ ಪ್ರಾಯ ತುಂಬಿದ ಮೇಲೂ ಅಳಿಯದು.

ಹಿಮ ಕರಗಿ ಬಂದ ನೀರು, ಬೆಣಚುಮರಳಿನ ಬಿಳಿದಾದ ತಳ, ಜೇಕುಹುಲ್ಲು ಮತ್ತು ವಿಲ್ಲೋ ಪೊದೆಗಳ ಬೇರು ಹಿಡಿದು ನಿಲ್ಲಿಸಿದ ದಂಡೆಯ ಕೆಳಗಣ ತಂಪು ಪೊಟರೆ, ಇಷ್ಟಿದ್ದರೆ ಅದಕ್ಕೆ ಸಾಕು. ಬೇಸಗೆ ಅಲ್ಪಕಾಲಿಕವಾದುದರಿಂದ ಹಸಿವು ಬಲು ಜೋರು. ಪುಕ್ಕ ನೂಲುಗಳಿಂದ ಕಟ್ಟಿದ ಹುಸಿನೊಣವನ್ನು ತೇಲಿಬಿಟ್ಟರೆ ಸಂಶಯವಿಲ್ಲದೆ ಮೇಲೇರಿ ಬರುತ್ತದೆ. ಈ ಮುಗ್ಧತೆಯೇ ಅದಕ್ಕೆ ಕುತ್ತಾಗಬಹುದೆಂದು ಲೇಖಕ ಸ್ಟೂವರ್ಟ್ ಎಡ್ವರ್ಡ್ ವೈಟ್ ಚಿಂತಿಸಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಗಮನಕ್ಕೆ ತಂದುದರ ಫಲವಾಗಿ, ಬಾರ್ಟನ್ ಎವರ್ಮನ್ ಎಂಬ ಮತ್ಸ್ಯವಿಜ್ಞಾನಿ 1904ರಲ್ಲಿ ಇಲ್ಲಿಗೆ ಬಂದು ಶೋಧನೆ ನಡೆಸಿದರು. 1947ರಲ್ಲಿ ಅದು ರಾಜ್ಯಮತ್ಸ್ಯವೆಂಬ ಪದವಿಯನ್ನೂ ಪಡೆಯಿತು.

ಪದವಿಯಿಂದ ದಂಡೆ ಗಟ್ಟಿಯಾದೀತೆ? ದನಗಳು ತುಳಿದ ಕಡೆ ದಂಡೆ ಕುಸಿದು, ತೊರೆ ಅಗಲವಾಗಿ, ತೆಳುವಾಗಿ, ಬಿಸಿಯೇರುತ್ತದೆ. ಹೊರಗಿನಿಂದ ಬಂದ ಕಂದು ಟ್ರೌಟು ಇದನ್ನು ನುಂಗುತ್ತದೆ. ರೇನ್‌ಬೋ ಟ್ರೌಟಾದರೋ ಇದರೊಡನೆ ಕೂಡಿ ಸಂಕರಸಂತಾನವನ್ನು ಬೆಳೆಸುತ್ತದೆ. ಈ ಮೂರನೆಯ ಆಪತ್ತೇ ನನಗೆ ಹೆಚ್ಚು ಇರಿಯುತ್ತದೆ. ಏಕೆಂದರೆ ಮುಳ್ಳಿಲ್ಲದ ಗಾಳದಿಂದ ಬಿಡಿಸಿ, ಒದ್ದೆಗೈಯಲ್ಲಿ ಕ್ಷಣಕಾಲ ಹಿಡಿದು ಮರಳಿ ನೀರಿಗೆ ಬಿಡುವ ಮೀನು ಎಷ್ಟೇ ಹೊನ್ನಾಗಿ ಹೊಳೆದರೂ, ಅದು ಶುದ್ಧ ತಳಿಯದೋ ಬೆರಕೆಯದೋ ಎಂಬುದು, ಈಜುರೆಕ್ಕೆಯ ತುಣುಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದವರಿಗಲ್ಲದೆ, ನೋಡುವುದನ್ನೇ ವಿನೋದವೆಂದು ನಂಬಿದ ನನ್ನಂಥವನಿಗೆ ಎಷ್ಟೋ ಸಲ ತಿಳಿಯುವಂತಿಲ್ಲ.