ಬಾಡಿಗೆ ಕಾರಿನ ಗೀರು

ಬಾಡಿಗೆ ಕಾರು ಎಂದೊಡನೆ ನನ್ನ ತಲೆಮಾರಿನವರ ಕಣ್ಣಮುಂದೆ ಬರುವುದು ಅಂಬಾಸಿಡರ್ ಮತ್ತು ಅದರ ಚಾಲಕ. ಮದುವೆಗೋ ಆಸ್ಪತ್ರೆಗೋ ಸಕಲೇಶಪುರದಿಂದ ಒಂದು ಕಾರು ಗೊತ್ತುಮಾಡಿದರೆ ಚಾಲಕನೂ ಅದರೊಡನೆ ಬರುತ್ತಿದ್ದ. ಬಾಗಿಲಿಗೆ ಕೊಂಬೆ ತಾಗಿದರೆ ಅವನೇ ಇಳಿದು ಉಜ್ಜಿ ನೋಡಿ, ನಮ್ಮ ರಸ್ತೆಗೆ ನಾಲ್ಕು ಮಾತು ಬೈದು ಮುಂದೆ ಸಾಗುತ್ತಿದ್ದ. ಗೀರಿನ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಈಗಿನದು ಬೇರೆ ಬಗೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ ಕಾರುಗಳನ್ನು ನೀವೂ ನೋಡಿರುತ್ತೀರಿ. ಬಾಡಿಗೆಗೆ ಪಡೆದವರೇ ಓಡಿಸಬಹುದಾದ ಕಾರುಗಳು ಅವು. ಮೋಟಾರು ವಾಹನ ಕಾಯ್ದೆಯ 75ನೇ ಕಲಮಿನ ಅಡಿ 1989ರಲ್ಲಿ ರೂಪಿಸಿದ ಯೋಜನೆಯೊಂದು ಇದಕ್ಕೆ ಆಧಾರ. ಕಳೆದ ಶ್ರಾವಣದಲ್ಲಿ ನನ್ನ ಮಗಳು, ಅಳಿಯ ಅಂಥದೊಂದನ್ನು ಬೆಂಗಳೂರಿನಲ್ಲಿ ಮೂರು ದಿನಕ್ಕೆ ಪಡೆದು ದೋಣಿಗಲ್ಲಿಗೆ ಬಂದಿದ್ದರು. ಮುಂಗಡವಾಗಿ ಐದು ಸಾವಿರ ರೂಪಾಯಿ ಠೇವಣಿ ಇಟ್ಟಿದ್ದರು.

ನಮ್ಮ ದೋಣಿಗಲ್ಲನ್ನು ಹಲವರು ಬಲ್ಲರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಘಟ್ಟವಿಳಿಯುವ ರೈಲುಮಾರ್ಗದ ನಿಲ್ದಾಣ ಇಲ್ಲಿದೆ. ಸುರಂಗಗಳನ್ನೂ ಸೇತುವೆಗಳನ್ನೂ ನೋಡುವ ಆಸೆಯಿಂದ ಹಳಿಗುಂಟ ನಡೆಯುತ್ತಿದ್ದ ಚಾರಣಿಗರಿಗೆ ಈ ಹೆಸರು ಬಾಯಿಪಾಠ. ಉಳಿದವರಿಗೆ ಇದು ಮಳೆಗಾಲದ ಸುದ್ದಿಯಲ್ಲಿ ಮಾತ್ರ ಪರಿಚಯ: 2022ರ ಜುಲೈಯಲ್ಲಿ ಮಂಗಳೂರು ಹೆದ್ದಾರಿಯ ಅಂಚು ಇಲ್ಲಿಯೇ ಕುಸಿದು ವಾಹನಗಳನ್ನು ತಡೆಯಬೇಕಾಯಿತು. ಇಂಥ ಊರಿನಲ್ಲಿ ತೋಟದ ಮನೆಗೆ ಇಳಿಯುವ ದಾರಿ ಶ್ರಾವಣದಲ್ಲಿ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಳಿಯ ಎಚ್ಚರದ ಮನುಷ್ಯ. ಕಾರನ್ನು ಮೇಲೆ ಡಾಂಬರು ರಸ್ತೆಯ ಪಕ್ಕದಲ್ಲಿ, ಪರಿಚಿತರ ಅಂಗಳದಲ್ಲಿ ನಿಲ್ಲಿಸಿ, ಮೂರು ದಿನವೂ ಕೊಡೆ ಹಿಡಿದು ನಡೆದೇ ಮನೆಗೆ ಬಂದರು.

ಅವರು ಕಾರನ್ನು ಹಿಂದಿರುಗಿಸಿದ್ದು ರಾತ್ರಿ ಒಂಬತ್ತರ ಹೊತ್ತಿಗೆ. ಅಲ್ಲಿದ್ದ ಹುಡುಗ ಮೊಬೈಲಿನ ಬೆಳಕಿನಲ್ಲಿ ಒಂದು ಸುತ್ತು ನೋಡಿ, “ಸರಿ ಇದೆ ಸರ್” ಎಂದು ಕೀಲಿಕೈ ತೆಗೆದುಕೊಂಡ. ನಾಲ್ಕು ದಿನಗಳ ನಂತರ ಅಳಿಯನಿಗೆ ಸಂದೇಶ ಬಂತು: ಮುಂದಿನ ಬಂಪರಿನ ತಳ ಕೆತ್ತಿದೆ, ಒಂದು ಚಕ್ರದ ರಿಮ್ಮು ಬಾಗಿದೆ, ಒಟ್ಟು 21,600 ರೂಪಾಯಿ, ಠೇವಣಿ ಮುರಿದುಕೊಂಡಿದ್ದೇವೆ, ಉಳಿದ 16,600ನ್ನು 48 ಗಂಟೆಯೊಳಗೆ ಕಟ್ಟತಕ್ಕದ್ದು. ವಾಹನವನ್ನು ಘಟ್ಟದ ಕಚ್ಚಾ ರಸ್ತೆಗೆ ಒಯ್ದದ್ದೇ ಹಾನಿಗೆ ಕಾರಣವೆಂಬ ಷರಾ ಬೇರೆ.

ಮಗಳು ಫೋನಿನಲ್ಲಿ, “ಅಪ್ಪಾ, ಕಟ್ಟಿಬಿಡೋಣ ಅಂತಾರೆ ಇವರು. ಆಫೀಸು ಬಿಟ್ಟು ಇದಕ್ಕೆಲ್ಲ ಯಾರು ಓಡಾಡುತ್ತಾರೆ?” ಎಂದಳು. ಇಂಥ ಬಹುಪಾಲು ಹಣ ವಸೂಲಾಗುವುದು ಈ ಒಂದು ವಾಕ್ಯದ ಬಲದಿಂದಲೇ ಎಂಬುದು ನನ್ನ ಗುಮಾನಿ. ನಿವೃತ್ತನಾದ ನನಗೆ ಬಿಡುವಿಗೆ ಕೊರತೆಯಿಲ್ಲ. ಕಾಗದಪತ್ರಗಳನ್ನೆಲ್ಲ ಕಳುಹಿಸು ಎಂದೆ.

ವಿಜ್ಞಾನದ ಮೇಷ್ಟರಾಗಿ ನಾನೂ ಹಾನಿಯ ಹಣ ವಸೂಲು ಮಾಡಿದವನೇ. ಪ್ರಯೋಗಶಾಲೆಯ ಬೀಕರನ್ನು ಹುಡುಗನಿಗೆ ಕೊಡುವಾಗ ಬೆಳಕಿಗೆ ಹಿಡಿದು ತೋರಿಸುತ್ತಿದ್ದೆ, ಬಿರುಕಿದ್ದರೆ ದಾಸ್ತಾನು ಪುಸ್ತಕದಲ್ಲಿ ಬರೆಯುತ್ತಿದ್ದೆ, ಹಿಂದಕ್ಕೆ ಪಡೆಯುವಾಗಲೂ ಅವನ ಎದುರಿನಲ್ಲಿಯೇ ನೋಡುತ್ತಿದ್ದೆ. ಅವನು ಮನೆಗೆ ಹೋದ ನಾಲ್ಕು ದಿನಕ್ಕೆ ಒಡಕು ಕಂಡರೆ ಅದು ಅವನ ಲೆಕ್ಕಕ್ಕೆ ಬರುವಂತಿರಲಿಲ್ಲ. ನಡುವೆ ಇನ್ನೆಷ್ಟು ಕೈಗಳು ಅದನ್ನು ಮುಟ್ಟಿದ್ದವೋ!

ಕಂಪೆನಿಯವರು ಕಳುಹಿಸಿದ ಚಿತ್ರಗಳು ಏಳು. ಆರರಲ್ಲಿ ಗೀರುಗಳು, ಏಳನೆಯದರಲ್ಲಿ ಚಾಲಕನ ಎದುರಿನ ಮೀಟರು. ಅದು 48,529 ಕಿಲೋಮೀಟರು ತೋರಿಸುತ್ತಿತ್ತು. ಕಾರು ಒಪ್ಪಿಸಿದ ರಾತ್ರಿ ಅವರೇ ಕಳುಹಿಸಿದ್ದ ರಸೀದಿಯಲ್ಲಿದ್ದದ್ದು 48,316. ನಾನು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದೆ. ಆ ನಾಲ್ಕು ದಿನಗಳಲ್ಲಿ ಕಾರು 213 ಕಿಲೋಮೀಟರು ಓಡಿತ್ತು, ಓಡಿಸಿದವರು ನಮ್ಮವರಲ್ಲ.

ಆ ರಾತ್ರಿಯೇ ಪತ್ರ ಬರೆದು ಅಳಿಯನ ಹೆಸರಿನಲ್ಲಿ ಕಳುಹಿಸಲು ಹೇಳಿದೆ. ಎರಡು ಅಂಕಿಗಳನ್ನೂ ಅಕ್ಕಪಕ್ಕ ಇಟ್ಟೆ. ಕಾರಿನೊಳಗೆ ನೀವೇ ಇಟ್ಟ ಜಿಪಿಎಸ್ ದಾಖಲೆಯನ್ನು ಕೊಡಿ, ಅದು ಡಾಂಬರು ಬಿಟ್ಟು ಎಲ್ಲಿ ಇಳಿದಿದೆ ತೋರಿಸಿ ಎಂದು ಕೇಳಿದೆ. 1872ರ ಕರಾರು ಕಾಯ್ದೆಯನ್ನೂ ನೆನಪಿಸಿದೆ. ಪರರ ವಸ್ತುವನ್ನು ವಶಕ್ಕೆ ಪಡೆದವನು ಸಾಮಾನ್ಯ ವಿವೇಕಿಯೊಬ್ಬ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಬೇಕು ಎನ್ನುತ್ತದೆ ಅದರ 151ನೇ ಕಲಮು. ಹಾಗೆ ವಹಿಸಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಹಾನಿಗೆ ಅವನು ಹೊಣೆಯಲ್ಲ ಎನ್ನುತ್ತದೆ 152. ‘ಬೇರೆ ಕರಾರು’ ಎಂಬ ಮಾತಿನೊಳಗೇ ಈ ಕಂಪೆನಿಗಳ ಸಣ್ಣ ಅಕ್ಷರದ ಪುಟಗಳೆಲ್ಲ ಅಡಗಿವೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆದ ನಷ್ಟಕ್ಕೆ ತೀರ ಮೀರಿದ ದಂಡವನ್ನೂ ಅತಿಯಾದ ಠೇವಣಿಯನ್ನೂ ಅನ್ಯಾಯದ ಕರಾರಿನ ಪಟ್ಟಿಗೆ ಸೇರಿಸಿದೆ. ಸೇವೆಯ ಕೊರತೆಯ ದೂರನ್ನು ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ವಕೀಲರಿಲ್ಲದೆ, ಎರಡು ವರ್ಷದೊಳಗೆ ಸಲ್ಲಿಸಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮೊದಲು 1915ಕ್ಕೆ ಫೋನು ಮಾಡಿ ದೂರು ದಾಖಲಿಸುವ ದಾರಿಯೂ ಇದೆ. ಅಳಿಯ ಅದನ್ನೂ ಮಾಡಿದರು.

ಜಿಪಿಎಸ್ ದಾಖಲೆ ಬರಲಿಲ್ಲ. ಹನ್ನೊಂದನೆಯ ದಿನ ಎರಡು ಸಾಲಿನ ಉತ್ತರ ಬಂತು: ‘ಸೌಹಾರ್ದದ ದೃಷ್ಟಿಯಿಂದ’ 16,600ರ ಬೇಡಿಕೆಯನ್ನು ಕೈಬಿಡಲಾಗಿದೆಯಂತೆ. 213 ಕಿಲೋಮೀಟರಿನ ಬಗ್ಗೆ ಒಂದು ಪದವಿಲ್ಲ. ಠೇವಣಿಗಾಗಿ ಮತ್ತೆ ಮೂರು ಪತ್ರ ಬರೆಸಿದೆ. ಐದನೆಯ ವಾರದಲ್ಲಿ 3,500 ಖಾತೆಗೆ ಜಮೆಯಾಯಿತು. ಉಳಿದ 1,500, ಒಳಗಿನ ಕಾಲುಹಾಸಿಗೆ ಅಂಟಿದ್ದ ಕೆಂಪು ಮಣ್ಣನ್ನು ತೊಳೆದದ್ದಕ್ಕಂತೆ!

ಮಣ್ಣು ನಮ್ಮ ತೋಟದ್ದೇ, ಅದನ್ನು ಅಲ್ಲಗಳೆಯಲಾರೆ. ಆದರೆ ತೊಳೆಯುವ ದರ ಕರಾರಿನ ಹತ್ತೊಂಬತ್ತು ಪುಟಗಳಲ್ಲಿ ಎಲ್ಲಿಯೂ ಇಲ್ಲ. ಎರಡು ಸಲ ಓದಿದ್ದೇನೆ. “ಸಾಕು ಬಿಡಿ ಮಾವ” ಎನ್ನುತ್ತಾರೆ ಅಳಿಯ. ದೂರಿನ ಕರಡು ಸಿದ್ಧಪಡಿಸಿ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಬುಕಿಂಗು ಅವರ ಹೆಸರಿನಲ್ಲಿರುವುದರಿಂದ ಸಹಿ ಅವರದ್ದೇ ಆಗಬೇಕು. ದೀಪಾವಳಿಗೆ ಬರುತ್ತಾರೆ, ಈ ಸಲ ರೈಲಿನಲ್ಲಿ.